ದಲ್ವಕ್ಕನಿಗೆ ಮಾರೋಲೆ

ನಿಮ್ಮ ಕಾಗದ ಬಂದು ಹನ್ನೊಂದು ವರ್ಷ.
ಮುಳ್ಳೇರಿಯದ ಅಂಚೆಯ ಕುಞ್ಞಂಬು
ಚೀಟಿಯ ಮೇಲಿನ ಹಕ್ಕಿಯನ್ನು ತಿರುಗಿಸಿ ತಿರುಗಿಸಿ ನೋಡಿ
‘ಮಾಸ್ಟ್ರೇ, ಇದು ಎಲ್ಲಿಯದು?’ ಅಂದಿದ್ದ.
ಗೇರುಮರ ಬಂತಲ್ಲ, ಆ ಊರಿನದು ಅಂದೆ.
ಗೇರು ನಮ್ಮದೇ ಅಲ್ಲವಾ ಎಂದು
ಸೈಕಲ್ ಹತ್ತಿ ಹೋದ.

ನಾನೂ ನಂಬಿರಲಿಲ್ಲ. ಆ ದಿನ ಜೀಪಿನಿಂದಿಳಿದು
ಕ್ಯಾಮೆರಾದವರನ್ನು ಬಿಸಿಲಿಗೇ ಬಿಟ್ಟು
ನೀವು ನೇರ ಮರದ ಬುಡಕ್ಕೆ ನಡೆದಿರಿ,
ಬಿದ್ದ ಹಣ್ಣನ್ನು ಅಂಗಿಯ ತುದಿಗೆ ಒರೆಸಿ
‘ಕಾಜು’ ಅಂದಿರಿ,
ತವರಿನವರು ಸಿಕ್ಕಿದ ಹಾಗೆ.
ಬಾಯಿಗಿಡುವ ಮೊದಲೇ ಸೀತು ಕಿತ್ತುಕೊಂಡಳು,
ಸುರಂಗದ ನೀರಲ್ಲಿ ಮೂರು ಸಲ ತೊಳೆದು ಕೊಟ್ಟಳು.
ಹೆಲಿಕಾಪ್ಟರು ಮದ್ದು ಬಿಡುವುದು ನಿಂತು ಏಳು ವರ್ಷವಾಗಿತ್ತು.
ಕೈಗೆ ಗೊತ್ತಿರಲಿಲ್ಲ.

ನಿಮ್ಮ ಮಾತನ್ನು ಕನ್ನಡಕದ ಹುಡುಗ ಇಂಗ್ಲಿಷು ಮಾಡಿದ,
ವಕೀಲರು ಮಲಯಾಳ ಮಾಡಿದರು,
ನಾನು ತುಳು ಮಾಡಿದೆ.
ನಿಮ್ಮ ನಗು ಚಾಪೆಯವರೆಗೆ ಬಂದು ಮುಟ್ಟುವಾಗ
ಅಲ್ಲಿ ನಿಮಗೆ ಅಳು ಬಂದಿತ್ತು.

ಅಪ್ಪನನ್ನು ಸೈನ್ಯದವರು ಕರೆದೊಯ್ದಾಗ ನಿಮಗೆ ಒಂಬತ್ತಂತೆ.
ಅಮ್ಮ ಕಂಡವರ ಬಟ್ಟೆ ಒಗೆದಳಂತೆ, ಠಾಣೆಯವರದ್ದೂ.
ಕಾಲರಿನ ಒಳಗೆ ಹೊಲಿದ ಹೆಸರು ಓದು ಮಗಳೇ,
ಯಾರ ಅಂಗಿಯಲ್ಲಿ ಯಾವ ಕಲೆ, ನೆನಪಿಡು ಅಂದಳಂತೆ.
ಹಾಗೆ ನಿಮ್ಮ ಅಕ್ಷರಾಭ್ಯಾಸ.
(ನಾನು ಮೂವತ್ತೊಂದು ವರ್ಷ ಅ ಆ ಕಲಿಸಿದವನು,
ಅಂಥ ಪಾಠ ನನ್ನ ಪುಸ್ತಕದಲ್ಲಿರಲಿಲ್ಲ.)

ಆಮೇಲೆ ಗುಡ್ಡದ ಮೇಲಿನ ತಗಡಿನ ಮನೆಗಳೆಲ್ಲ ಸೇರಿ
ನಿಮ್ಮನ್ನು ನಗರಸಭೆಗೆ ಕಳಿಸಿದವು.
ಮೊದಲ ದಿನವೇ ಎದ್ದು ನಿಂತು
ಕಾಣೆಯಾದವರ ಹೆಸರು ಓದಿದಿರಿ.
ಅಧ್ಯಕ್ಷ ಮೈಕು ಆರಿಸಿದ, ಓದಿದಿರಿ.
ದೀಪ ಆರಿಸಿದ.
ಬಾಯಿಪಾಠವಿತ್ತು.
ಕೊಲ್ಲುತ್ತೇವೆ ಎಂಬ ಕಾಗದ ಬಂದರೆ
ಕಾಗುಣಿತ ತಿದ್ದಿ, ಕೆಂಪುಶಾಯಿಯಲ್ಲಿ,
ಬಾಗಿಲ ಹೊರಗೆ ಅಂಟಿಸುತ್ತಿದ್ದಿರಂತೆ.
ವಕೀಲರು ನುಂಗಿದ್ದೆಷ್ಟೋ, ನಾನು ಸೇರಿಸಿದ್ದೆಷ್ಟೋ,
ನಮ್ಮೂರಿನಲ್ಲಿ ನಿಮ್ಮ ಜೀವನಚರಿತ್ರೆ ಇಷ್ಟು.

ನಳಿನಾಕ್ಷಿಯ ಪಕ್ಕ ಕೂತಿರಿ. ಹದಿನಾಲ್ಕು ವರ್ಷ,
ತಲೆಯ ಭಾರ ಕತ್ತಿಗೆ ತಾಳದ ಹುಡುಗಿ.
ಫೋಟೊ ಬೇಡ ಅಂದಿರಿ. ಮೂರು ಪ್ರಶ್ನೆ ಕೇಳಿದಿರಿ.
ಹೆಸರೇನು?
ಇವಳಿಗೆ ಏನೆಂದರೆ ಇಷ್ಟ?
(ರೇಡಿಯೋ, ಅಂದಳು ಸೀತು. ಮಾತು ಬರುವ ರೇಡಿಯೋ ಅಲ್ಲ,
ಸ್ಟೇಷನ್ ಸಿಗದಾಗಿನ ಗೊರಗೊರ ಸದ್ದು.)
ಸರಕಾರದ ಪಟ್ಟಿಯಲ್ಲಿ ಇವಳಿದ್ದಾಳೆಯೇ?

‘ಇಜ್ಜಿ’ ಅಂದಳು ಸೀತು.

ಹಿಂದೆ ವಿಲ್ಲೇಜ್ ಆಫೀಸರು ನಿಂತಿದ್ದರು.
ನನ್ನ ಐದು ಸೆಂಟ್ಸು ಜಾಗದ ಕಾಗದ ಅವರ ಮೇಜಿನಲ್ಲಿತ್ತು.
ನಾನು ‘ಉಂಡು’ ಅಂದೆ.
ಎರಡಕ್ಷರಕ್ಕೆ ಎರಡಕ್ಷರ.
ವಕೀಲರು, ಹುಡುಗ, ನೀವು,
ಒಬ್ಬರಾದ ಮೇಲೆ ಒಬ್ಬರು ತಲೆಯಾಡಿಸಿದಿರಿ.

ಕಾಗದದಲ್ಲಿ ಬರೆದಿದ್ದಿರಿ:
ನಲವತ್ತಮೂರು ಮತಗಳಿಂದ ಸೋತೆ, ಈಗ ಮತ್ತೆ ಬಸ್ಸಿನಲ್ಲಿ ಓಡಾಟ,
ಹೆಸರುಗಳ ಹಲಗೆಯನ್ನು ಗೋಡೆಯಿಂದ ಇಳಿಸಿದರು,
ನಮ್ಮ ಅಡುಗೆಮನೆಯಲ್ಲಿದೆ.
ಪಟ್ಟಿಯಲ್ಲಿದ್ದ ನಳಿನಾಕ್ಷಿಗೆ ಹಣ ಸರಿಯಾಗಿ ಬರುತ್ತಿದೆಯೇ?

ಅಂದಿನಿಂದ ನಡೆದೆ, ದಲ್ವಕ್ಕ.
ವಿದ್ಯಾನಗರದ ಕಚೇರಿಯ ಮೆಟ್ಟಿಲಿಗೆ ನನ್ನ ಚಪ್ಪಲಿಯ ಪರಿಚಯವಿದೆ.
ಕನ್ನಡದ ಜನನಪತ್ರ ನಡೆಯದು, ತರ್ಜುಮೆ ತನ್ನಿ ಅಂದರು.
ತರ್ಜುಮೆ ಮಾಡಿ ಸಹಿ ಹಾಕಿದವನು ನಾನೇ.
‘ಮೂಲಕ್ಕೆ ಸರಿಯಾಗಿದೆ’ ಎಂದು ಬರೆಯುವಾಗ
ಪೆನ್ನು ಎರಡು ಸಲ ನಿಂತಿತು.
ಪಟ್ಟಿ ಬಂತು. ನಳಿನಾಕ್ಷನ್, ಗಂಡು.
ತಿದ್ದುಪಡಿಗೆ ಮತ್ತೊಂದು ಅರ್ಜಿ, ಮತ್ತೊಂದು ಶಿಬಿರ.
ತಿದ್ದಿದ ಪಟ್ಟಿ ಬರುವಾಗ ಸೀತು
ರೇಡಿಯೋವನ್ನು ಅಟ್ಟಕ್ಕೆ ಹಾಕಿಯಾಗಿತ್ತು.

ನೀವಿದ್ದೀರೋ, ಅದೇ ವಿಳಾಸವೋ, ತಿಳಿಯದು.
ಒಂದು ಹಿಡಿ ಗೇರುಬೀಜ ಲಕೋಟೆಯಲ್ಲಿಟ್ಟರೆ
ಹೊರದೇಶಕ್ಕೆ ಬಿಡುವುದಿಲ್ಲವಂತೆ.
ಆದ್ದರಿಂದ ಇದೊಂದೇ:
ಅಂದು ಸೀತು ‘ಇಲ್ಲ’ ಅಂದಿದ್ದಳು.